ಗಂಟಣ್ಣನ ಮೂರು ಮಾತು

ಜೂನ್ ಹತ್ತೊಂಬತ್ತು. ಬೈತಖೋಲ ಬಂದರಿನಲ್ಲಿ
ಬೋಟುಗಳೆಲ್ಲ ಒಂದರ ಮೈಗೊಂದು ಒರಗಿ
ನಿದ್ದೆ ಬಾರದ ಎಮ್ಮೆಗಳಂತೆ ತಿಕ್ಕಾಡುತ್ತಿವೆ.
ಕಡಲಿಗಿಳಿಯುವಂತಿಲ್ಲ ಇನ್ನೂ ನಲವತ್ತೆರಡು ದಿನ.
ಬಲೆಯ ಹರಕು ಹೊಲಿದಾಯಿತು, ಇನ್ನೇನು ಮಾಡಲಿ,
ಮೊಮ್ಮಗಳು ಋತುಜಾಳ ಪಕ್ಕ ಕೂತು
ಮೊಬೈಲಿನಲ್ಲಿ ಕಾರ್ಟೂನು ಸಿನಿಮಾ ನೋಡುತ್ತೇನೆ.

ಅದರಲ್ಲೊಬ್ಬಳು ರಾಜಕುಮಾರಿ. ಇರುತ್ತಾಳೆ, ಬಿಡಿ.
ಬೆಳ್ಳಿ ಕೂದಲು, ಕೈಯಲ್ಲಿ ಕತ್ತಿ,
ಮೋಡದಾಚೆಗೆ ಹಾರಬೇಕಾದ ಅವಳ ಹಡಗು.
ಆ ಹಡಗನ್ನು ನೆಲಕ್ಕೆ ಹಿಡಿದವನು ಗಂಟಣ್ಣ:
ಹಗ್ಗದ್ದೇ ಮೈ, ಹಗ್ಗದ್ದೇ ಮೂಗು,
ಅಂಗೈಯಗಲದ ಒಂದು ಗಂಟು.
ಇಡೀ ಸಿನಿಮಾದಲ್ಲಿ ಅವನಿಗೆ ಮೂರೇ ಮಾತು.

ಮೊದಲನೆಯದು, ಗಾಳಿ ಎದ್ದಾಗ:
“ಹಿಡಿದಿದ್ದೇನೆ.”
ಎರಡನೆಯದು, ಊರೆಲ್ಲ ಓಡಿಹೋದ ಮೇಲೆ:
“ಹಿಡಿದೇ ಇದ್ದೇನೆ.”
ಆಮೇಲೆ ಬೆಂಕಿಯುಗುಳುವ ಸೈನ್ಯ ಬೆಟ್ಟ ಇಳಿದು ಬಂತು,
ರಾಜಕುಮಾರಿ ಏಣಿ ಹತ್ತಿದಳು,
ಇವನು ತಲೆಯೆತ್ತಿ ಕೇಳಿದ,
ಬಸ್ಸಿನಲ್ಲಿ ಪಕ್ಕದವರನ್ನು ಟೈಮ್ ಕೇಳುವಷ್ಟು ಮೆಲ್ಲಗೆ:
“ಬಿಡಲಾ?”

ಅವಳು ಹೂಂ ಅಂದಳೋ ಇಲ್ಲವೋ ಗೊತ್ತಿಲ್ಲ. ಸಂಗೀತ ಜೋರಾಗಿತ್ತು.
ಗಂಟಣ್ಣ ಬಿಚ್ಚಿಕೊಂಡ.
ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಮೂಗು.
ಹಡಗು ಹಾರಿತು. ಕೆಳಗೆ ಧೂಳಿನಲ್ಲಿ
ಮೂರು ಮಾರು ಹಗ್ಗ ಬಿದ್ದಿತ್ತು.
ಅಷ್ಟು ಸಣ್ಣವನೊಳಗೆ ಅಷ್ಟುದ್ದ ಇತ್ತೆಂದು ಯಾರಿಗೆ ಗೊತ್ತಿತ್ತು.

ರಾಜಕುಮಾರಿ ತಿರುಗಿ ನೋಡಲಿಲ್ಲ.
ಅವಳ ತಪ್ಪೇನಿಲ್ಲ; ಗಾಳಿ ಆ ಕಡೆಗಿತ್ತು.

ನನಗೆ ಗಂಟಲು ಕಟ್ಟಿತು.
ಶೇವಂತಿ ಒಳಗಿನಿಂದ ಇಣುಕಿದಳು:
“ಸೊಸೈಟಿಯ ನೋಟೀಸು ಬಂದಾಗ ಬಾರದ ಕಣ್ಣೀರು
ಚಿತ್ರದ ಹಗ್ಗಕ್ಕೆ ಬಂತಾ ಮಾರಾಯರೇ?”
ಬಂತು. ಹೋದ ವಾರ ಕಂದೀಲು ಹಿಡಿದ ಮುದಿ ಕಪ್ಪೆಗೆ ಬಂದಿತ್ತು.
ಅದಕ್ಕೂ ಮೊದಲು, ಯಾರೂ ಹೆಸರಿಡದ ಒಂದು ಹೇಸರಗತ್ತೆಗೆ.
ಹೀರೋ ಸತ್ತರೆ ನನಗೇನೂ ಆಗುವುದಿಲ್ಲ.
ಎದ್ದು ಬರುತ್ತಾನೆ; ಅವನಿಗಾಗಿ
ಇನ್ನೂ ಅರ್ಧ ಗಂಟೆ ಸಿನಿಮಾ ಇರುತ್ತದೆ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಪರ್ಸೀನ್ ಬೋಟಿನಲ್ಲಿ
ಒಂದೇ ಬಲೆಗೆ ಬಂಗಡೆ ಬಿದ್ದು ಡೆಕ್ಕು ತುಂಬಿದ ದಿನ
ಫೋಟೋ ತೆಗೆಸಿದ್ದೆವು. ಈಗಲೂ ಗೋಡೆಯ ಮೇಲಿದೆ.
ಇಪ್ಪತ್ತಾರು ಜನ, ಹಲ್ಲು ಬಿಟ್ಟುಕೊಂಡು.
ಬಲಗಡೆಯ ಅಂಚಿನಲ್ಲಿ ಒಂದು ಮೊಣಕೈ, ಒಂದು ಸೌಟು:
ಬುದವಂತ ಹರಿಕಂತ್ರ, ನಮ್ಮ ಭಂಡಾರಿ.
ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದ.
ಬೆಲೇಕೇರಿಯವನೋ, ಹಾರವಾಡದವನೋ.
ನೋಡಿ, ಹನ್ನೊಂದು ವರ್ಷ ಅವನ ಕೈಯ ಗಂಜಿ ಕುಡಿದೆ,
ಊರು ನೆನಪಿಲ್ಲ.
ಒಂದು ಸೀಸನ್ನಿಗೆ ಅವನು ಬರಲಿಲ್ಲ. ಬೇರೆಯವನು ಬಂದ.
ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಸಬನನ್ನು ಬೈದೆವು, ಅಷ್ಟೇ.

ಇದನ್ನೆಲ್ಲ ಮಗುವಿಗೆ ಹೇಗೆ ಹೇಳಲಿ.
ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು,
ಬೆರಳಿಟ್ಟು ಸಿನಿಮಾವನ್ನು ಹಿಂದಕ್ಕೆಳೆದಳು.
ಮೂಗು ಮೂಡಿತು, ಹೊಟ್ಟೆ ಸುತ್ತಿಕೊಂಡಿತು, ಕಾಲು ಕೂಡಿತು.
“ನೋಡಜ್ಜಾ, ಇದ್ದಾನೆ.”
ಆ ಮೂರನೆಯ ಮಾತು ಬರುವ ಮೊದಲೇ ನಿಲ್ಲಿಸಿ,
ಮೊಬೈಲನ್ನು ನನ್ನ ತೊಡೆಯ ಮೇಲಿಟ್ಟು
ಊಟಕ್ಕೆದ್ದು ಹೋದಳು.

ಗಂಟಣ್ಣ ತಲೆಯೆತ್ತಿದ್ದಾನೆ.
ತುಟಿ ‘ಬಿ’ ಅನ್ನುವುದಕ್ಕೆ ಕೂಡಿದೆ.
ಹೊರಗೆ ಕತ್ತಲೆಯಲ್ಲಿ ಬೋಟುಗಳು ಹಗ್ಗ ಜಗ್ಗುತ್ತಿವೆ,
ದೇವಗಡದ ದೀಪ ಒಮ್ಮೆ ಇತ್ತ ತಿರುಗಿ ಹೋಯಿತು.
ಅನ್ನ ಆರುತ್ತಿದೆಯೆಂದು ಒಳಗಿಂದ ಎರಡು ಸಲ ಕರೆದಾಯಿತು.
ಚಾರ್ಜು ನಾಲ್ಕು ಪರ್ಸೆಂಟ್.
ನಾನು ಚಾರ್ಜರ್ ಹುಡುಕುತ್ತಿದ್ದೇನೆ.