ಕಲಂ ನಾಲ್ಕು

ಆರ್ಮಿಡೇಲಿನ ಜೂನ್. ಇಬ್ಬನಿ ಹೆಪ್ಪುಗಟ್ಟಿ
ಹುಲ್ಲಿನ ಮೇಲೆ ಉಪ್ಪಿನಂತೆ ಕೂತಿದೆ.
ಒಂಬತ್ತಕ್ಕೆ ಸಭೆ; ನಡಾವಳಿ ಬರೆಯುವವಳು ನಾನು.
ಪರದೆಯ ಮೇಲೆ ಬರುವ ಐದು ವರ್ಷಗಳು
ಐದು ಬಣ್ಣದ ಪಟ್ಟಿಗಳಾಗಿ ಅಡ್ಡಬಿದ್ದಿವೆ.

ಕಲಿಕೆಯೇ ಕೇಂದ್ರ, ಎಂದರು ಡಾಕ್ಟರ್ ಹಾರ್ಕ್‌ನೆಸ್.
ಎಲ್ಲರೂ ತಲೆದೂಗಿದರು. ಬರೆದುಕೊಂಡೆ.
ಕೇಂದ್ರ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ.
ಹಣಕಾಸಿನವರು ಮಾತ್ರ ಕೇಳಿದರು, ಎಷ್ಟಕ್ಕೆ ಅಂತ.

ನಲವತ್ತು ಕ್ಯಾಮೆರಾ. ಹೊಸ ತಂತ್ರಾಂಶ.
ನೆರವು ಬೇಡಿದವರಿಗೆ ಎರಡು ತಾಸಿನೊಳಗೆ ಒಂದು ಸಂಖ್ಯೆ.
ನೆರವಲ್ಲ, ಸಂಖ್ಯೆ.
ಹಸಿದವನ ಮುಂದೆ ಎಲೆ ಹಾಸಿ
ಎಲೆಗೆ ನಂಬರು ಬರೆದ ಹಾಗೆ ಅನ್ನಿಸಿತು.
ಅದನ್ನು ಬರೆದುಕೊಳ್ಳಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ನೆವಿಲ್ ಟ್ರಾಸ್ಕ್.
ಅವನನ್ನು ಕರೆದದ್ದು ಸಭೆಗಲ್ಲ, ಪರದೆ ಬೆಳಗಲಿಲ್ಲವೆಂದು;
ಬೆಳಗಿಸಿ, ಹೊರಗೆ ಚಳಿಯೆಂದು ಕೂತುಬಿಟ್ಟಿದ್ದ.
ಮೂವತ್ತೊಂದು ವರ್ಷ.
ಯಾವ ಗೋಡೆಯೊಳಗೆ ಯಾವ ತಂತಿ ಸತ್ತಿದೆ,
ಯಾವ ಮೇಷ್ಟ್ರಿಗೆ ಮೈಕು ಸಿಕ್ಕಿಸುವಾಗ ಕೈ ನಡುಗುತ್ತದೆ,
ಯಾರ ಪಾಠಕ್ಕೆ ಹತ್ತು ನಿಮಿಷ ಮೊದಲೇ ಹೋಗಿ
ಕೆಲಸವಿದ್ದವನಂತೆ ಕಾರಿಡಾರಿನಲ್ಲಿ ನಿಂತಿರಬೇಕು,
ಎಲ್ಲ ಅವನ ಜೇಬಿನ ಪುಟ್ಟ ಪುಸ್ತಕದಲ್ಲಿದೆ, ಪೆನ್ಸಿಲಿನಲ್ಲಿ.

ಪ್ರಶ್ನೆಗಳು? ಎಂದರು.
ನೆವಿಲ್ ಕೆಮ್ಮಿದ.
ವಾಲ್ಗೆಟ್ ಆಚೆ ಒಬ್ಬ ಹುಡುಗಿ ಇದ್ದಾಳೆ, ಕೋರಲೀ ಅಂತ,
ಕುರಿ ಸಾಕುವ ಮನೆ.
ನೀರಿನ ಟ್ಯಾಂಕು ಹತ್ತಿದರೆ ಎರಡು ಗೀಟು ಸಿಗ್ನಲ್.
ಅಲ್ಲೇ ಕೂತು ಸಂಖ್ಯಾಶಾಸ್ತ್ರ ಕೇಳುತ್ತಾಳೆ.
ಚಿತ್ರ ಬರುವುದಿಲ್ಲ, ಬರೀ ದನಿ.
ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳಿ
ಅಂತ ಪಾಠ ಮಾಡುವವರಿಗೆ ಹೇಳಬಹುದಲ್ಲ,
ಅದಕ್ಕೆ ದುಡ್ಡು ಬೇಡ.

ಒಂದು ಗಳಿಗೆ ಪ್ರೊಜೆಕ್ಟರಿನ ಫ್ಯಾನು ಮಾತ್ರ ಮಾತಾಡಿತು.
ಹೊರಗೆ ಮ್ಯಾಗ್‌ಪೈ ಹಕ್ಕಿ,
ನೀರು ತುಂಬಿದ ಕೊಳಲೂದಿದಂತೆ.
ಒಳ್ಳೆಯ ಅಂಶ, ಎಂದರು ಹಾರ್ಕ್‌ನೆಸ್, ಯಾವ ಕಲಮಿನಡಿ ಬರುತ್ತದೆ?
ಹುಡುಕಿದರು. ಇದ್ದದ್ದು ಮೂರೇ ಕಲಂ.

ಆಗಸ್ಟಿಗೆ ನೆವಿಲ್ ನಿವೃತ್ತ.
ಐದು ಬಣ್ಣಗಳಲ್ಲಿ ಅವನ ಜಾಗಕ್ಕೆ ಬಣ್ಣವಿಲ್ಲ.

ಸಂಜೆ ನಡಾವಳಿ ಶುದ್ಧಪ್ರತಿ ಮಾಡುವಾಗ
ಮೂರರ ಕೆಳಗೆ, ಯಾರೂ ಒಪ್ಪಿಗೆ ಕೊಡದ ನಾಲ್ಕನ್ನು ಸೇರಿಸಿದೆ:
ಬರೆದದ್ದನ್ನು ಗಟ್ಟಿಯಾಗಿ ಓದತಕ್ಕದ್ದು, ಟ್ಯಾಂಕಿಗೆ ಕೇಳುವಷ್ಟು.
ಜವಾಬ್ದಾರಿ: ಎಲ್ಲರೂ.
ಎಲ್ಲರೂ ಅಂದರೆ ಯಾರೂ ಅಲ್ಲವೆಂದು ನೆನಪಾಗಿ,
ಅಳಿಸಿ
ಹಾರ್ಕ್‌ನೆಸ್ ಎಂದು ಟೈಪು ಮಾಡಿದೆ.