ಹಗ್ಗದ ಇಂಡೆಂಟು

ಕನ್ನಂಬಾಡಿ ಹಿನ್ನೀರಿನಲ್ಲಿ ಹೂಳು ಅಳೆಯುವ ದೋಣಿ ನಮ್ಮದು.
ಅದರ ಬೆನ್ನಿಗೆ ಒಂದು ಮರಿದೋಣಿ,
ದೊಡ್ಡದಕ್ಕೆ ನೀರು ಸಾಲದ ಕಡೆ
ಮೊಣಕಾಲುದ್ದದಲ್ಲಿ ನುಸುಳಿ ಹೋಗಲಿಕ್ಕೆ.
ಸಂಜೆ ಅದನ್ನು ಎತ್ತಿ ಕಟ್ಟಬೇಕು.
ಎರಡು ಕಬ್ಬಿಣದ ತೋಳು, ಎರಡು ರಾಟೆ, ಒಂದು ಕೈತಿರುಗಣೆ,
ಒಂಬತ್ತು ವರ್ಷದ ಉಕ್ಕಿನ ತಂತಿ.

ಮೊನ್ನೆ ಮಂಗಳವಾರ, ಮೀನಾಕ್ಷಿಪುರದ ಕಡೆಯ ದಡದಲ್ಲಿ,
ಮರಿ ನೀರು ಬಿಟ್ಟು ಎರಡು ಮೊಳ ಮೇಲೆದ್ದಿತ್ತು.
ಟಣ್ ಅಂತ ಒಂದೇ ಸದ್ದು.
ಮೂತಿ ನೀರಿಗೆ, ಬಾಲ ಆಕಾಶಕ್ಕೆ,
ಅಳತೆಯ ಕೋಲು, ಟಿಫನ್ ಕ್ಯಾರಿಯರು, ಸಣ್ಣಜವರಯ್ಯನ ಎಡ ಚಪ್ಪಲಿ
ಮೂರೂ ಹೂಳಿನ ಲೆಕ್ಕಕ್ಕೆ ಸೇರಿದವು.

ಹಗ್ಗವನ್ನು ಹಾವೆಂದು ಹೆದರಿದವರ ಕಥೆ
ಎಲ್ಲರಿಗೂ ಗೊತ್ತು.
ತಂತಿಯನ್ನು ತಂತಿಯೆಂದೇ ನಂಬಿ ಕೂತವರು ನಾವು.
ಹೊರಗೆ ಗ್ರೀಸಿನ ಮಿರುಗು,
ಒಳಗೆ ಎಳೆ ಎಳೆಯೂ ಇಟ್ಟಿಗೆಪುಡಿ.

ಇಂಡೆಂಟು ಬರೆಯುವವಳು ನಾನು.
ತೂಕದ ಲೆಕ್ಕ ನನಗೆ ಬರುತ್ತದೆ:
ಮರಿ ತೊಂಬತ್ತು ಕೆ.ಜಿ., ಯಂತ್ರ ಮೂವತ್ತೆಂಟು,
ತಳದಲ್ಲಿ ನಿಂತ ಮಳೆನೀರು,
ಅದನ್ನು ಯಾರೂ ಬರೆಯುವುದಿಲ್ಲ,
ಒಂದು ಕೊಡವಾದರೂ ಹದಿನೈದು.
ಅಲೆ ಬಂದು ಜಗ್ಗಿದರೆ ಇಮ್ಮಡಿ.
ಒಟ್ಟನ್ನು ಐದರಿಂದ ಗುಣಿಸು ಅನ್ನುತ್ತದೆ ಪುಸ್ತಕ.

ಸಣ್ಣಜವರಯ್ಯ ಪುಸ್ತಕ ಓದಿಲ್ಲ.
ಅಂಗೈ ಚಾಚಿದ:
"ನೋಡಿ ಮೇಡಮ್ನೋರೆ, ನಿಮ್ ತಂತಿ ಬರ್ದಿರಾ ಅಕ್ಸರ."
ಬಿಚ್ಚಿಕೊಂಡ ಎಳೆಯ ಮುಳ್ಳುಗಳು
ಒಂಬತ್ತು ವರ್ಷ ಗೀರಿದ ಗೀರು,
ಹೆಬ್ಬೆರಳ ಬುಡದಲ್ಲಿ ಇನ್ನೂ ಕೂತ ಒಂದು ಚೂರು,
ಚಳಿಗೆ ಮಾತ್ರ ಮಾತಾಡುವಂಥದು.

ಮೈಸೂರಿನ ಸಂತೇಪೇಟೆಗೆ ಇಬ್ಬರೂ ಹೋದೆವು.
ಇನಾಯತ್ ಸಾಬರ ಅಂಗಡಿಯಲ್ಲಿ ಕತ್ತಾಳೆ ವಾಸನೆ.
ತೆಂಗಿನ ನಾರು, ನೀಲಿ ನೈಲಾನು, ಬಿಳಿ ಪಾಲಿಯೆಸ್ಟರು,
ಉರುಳೆಯಲ್ಲಿ ಸುತ್ತಿದ ತುಕ್ಕು ಹಿಡಿಯದ ಉಕ್ಕು.
ಇದು ಹಿಗ್ಗುತ್ತೆ, ಅದು ಬಿಸಿಲಿಗೆ ಪುಡಿಯಾಗುತ್ತೆ,
ಇನ್ನೊಂದು ತೇಲುತ್ತೆ ಆದರೆ ಗಂಟು ಜಾರುತ್ತೆ;
ಸಂಬಂಧ ಕುದುರಿಸಲು ಬಂದವರ ಹಾಗೆ
ಸಾಬರು ಒಂದೊಂದರ ಕುಲಗೋತ್ರ ಬಿಡಿಸಿದರು.
"ಸ್ಟೀಲೇ ತಗೊಳ್ಳಿ, ನಿಮ್ಮ ರಿಟೈರ್‌ಮೆಂಟ್‌ವರೆಗೂ ಬರುತ್ತೆ."

ಸಣ್ಣಜವರಯ್ಯ ಬಿಳಿ ಹಗ್ಗದ ತುದಿ ಮೂಸಿದ,
ಹಲ್ಲಲ್ಲಿ ಕಚ್ಚಿದ, ಎಳೆ ಬಿಚ್ಚಿ ಮತ್ತೆ ಹೊಸೆದ.
"ಸಾಯಾಕ್ ಮುಂಚೆ ಇದು ಹೇಳ್ತದೆ.
ಜುಂಗು ಏಳ್ತದೆ, ಸವೀತದೆ, ಕಣ್ಗೆ ಕಾಣ್ತದೆ.
ತಂತಿ ದೊಡ್ ಮನುಸ್ರಂಗೆ. ಎಲ್ಲಾ ಒಳಗೊಳಗೇ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ.
ಹನ್ನೆರಡು ಮಿಲಿಮೀಟರು, ಮೂವತ್ತು ಮೀಟರು,
ರಸೀದಿ ಬರೆಯುತ್ತಿದ್ದಾಗ
ಅವನು ಚೀಲದಿಂದ ಹಳೆಯ ರಾಟೆ ತೆಗೆದು
ಗಾಜಿನ ಮೇಲಿಟ್ಟ.
"ಒಳಗಡೀಕೆ ಬೆರಳಾಡ್ಸಿ."
ಆಡಿಸಿದೆ.
ಗರಗಸ.
ಒಂಬತ್ತು ವರ್ಷ ತಂತಿ ಓಡಿ ಓಡಿ
ಗಾಲಿಯ ಕಣಿವೆಗೆ ತನ್ನ ಹಲ್ಲನ್ನೇ ಕಲಿಸಿತ್ತು.

ಊರ ಬಾವಿಯ ಕಲ್ಲು ನೆನಪಾಯಿತು.
ಅಲ್ಲಿ ನಾರಿನ ಹಗ್ಗ ಕಲ್ಲನ್ನೇ ಕೊರೆದಿತ್ತು,
ಆ ಗೀರುಗಳಲ್ಲಿ ಬೆರಳಿಟ್ಟು
ನಾವು ಮಕ್ಕಳು ಅಜ್ಜಿಯರನ್ನು ಎಣಿಸುತ್ತಿದ್ದೆವು.
ಮೆತ್ತಗಿನದು ಗೆಲ್ಲುತ್ತದೆಂದು ಅಲ್ಲಿ ಕಲಿತಿದ್ದೆ.
ಈ ಹಲ್ಲಿನ ಎದುರು ಅದು ಒಂದು ತಿಂಗಳೂ ಬಾಳದು.

ಇಂಡೆಂಟಿನಲ್ಲಿ ರಾಟೆ ಇರಲಿಲ್ಲ.
ಒಂದು ಸಾಲು ಸೇರಿಸಿದರೆ ಮತ್ತೆ ಮಂಡ್ಯ, ಮತ್ತೆ ರುಜು,
ಮತ್ತೆ ಮಾರ್ಚಿ.
ಸಾಬರು ಏನೂ ಹೇಳದೆ
ಒಳಗಿಂದ ಒಂದು ಅರ ತಂದರು,
ಹಿಂದೆಯೇ ಮೂರು ಲೋಟ ಚಹಾ.
ನಾನು ಹಿಡಿದೆ, ಅವನು ಉಜ್ಜಿದ,
ಕಬ್ಬಿಣದ ಪುಡಿ ಉದುರಿ
ರಸೀದಿಯ ಅಂಕಿಗಳು ಮಸುಕಾದವು.

ಮರುದಿನ ಸಂಜೆ ಎತ್ತಿದೆವು.
ರಾಟೆ ಕಿರುಗುಟ್ಟಲಿಲ್ಲ. ಮರಿ ಮೇಲೆದ್ದು
ಮೊದಲಿಗಿಂತ ಒಂದು ಗೇಣು ಕೆಳಗೇ ನಿಂತಿತು.
ನಾನು ಉಸಿರು ಬಿಗಿಹಿಡಿದೆ.
"ಹೊಸ ಹಗ್ಗ ಅಲ್ವ್ರಾ," ಅಂದ,
"ಮೊದಲ್ನೇ ದಿನ ಒಸಿ ಹಿಗ್ತದೆ. ಹಿಗ್ಲಿ ಬುಡಿ."
ಅವನ ಎಡಗಾಲು ಇನ್ನೂ ಬರಿಗಾಲು.
ಅದಕ್ಕೆ ಇಂಡೆಂಟಿನಲ್ಲಿ ಕಾಲಂ ಇಲ್ಲ.