ಭುಜದ ಅಳತೆ

ಸೀಬ್ ಪೇಟೆಯ ಮೀನಿನ ಗಲ್ಲಿ ದಾಟಿದರೆ ನಮ್ಮ ಅಂಗಡಿ.
ಗಾಜಿನೊಳಗೆ ತಲೆಯಿಲ್ಲದ ಗೊಂಬೆಯೊಂದು
ಯಾವ ದೇಶದ್ದೂ ಅಲ್ಲದ ಸಮವಸ್ತ್ರ ತೊಟ್ಟು ನಿಂತಿದೆ,
ಎದೆಯ ಮೇಲೆ ದರದ ಚೀಟಿ.

ಹನ್ನೊಂದು ವರ್ಷ. ದಂಡಿನ ಕ್ಯಾಂಪಿನ ಹುಡುಗರು ಬಂದು
ಕೈ ಚಾಚಿ ನಿಲ್ಲುತ್ತಾರೆ, ನಾನು ಟೇಪು ಹಿಡಿಯುತ್ತೇನೆ.
ಹೊಸಬನ ಭುಜ ಬೇರೆ, ವರ್ಷ ಕಳೆದವನದು ಬೇರೆ.
ಅರ್ಧ ಇಂಚು ಎಲ್ಲಿಂದಲೋ ಬಂದಿರುತ್ತದೆ.
ಮೂಳೆಯೋ, ಕಲಿಸಿದ್ದೋ, ಕೇಳಿದವನಲ್ಲ ನಾನು.

ರಾತ್ರಿ ಎಂಟೂವರೆಗೆ ಶಟರು ಅರ್ಧ ಎಳೆದು
ಫೋನನ್ನು ನೂಲಿನ ಡಬ್ಬಿಗೆ ಆನಿಸಿ ಇಡುತ್ತೇನೆ.
ಬನಹಟ್ಟಿಯಲ್ಲಿ ಆಗ ಹತ್ತು.
ಮಗಳು ಗಂಗೋತ್ರಿ, ಐದನೇ ಇಯತ್ತೆ,
ನಿದ್ದೆಗಣ್ಣಲ್ಲೇ ಪೆನ್ಸಿಲು ಚೂಪು ಮಾಡುತ್ತಾಳೆ.
ಒಂದೇ ಗೈಡು, ಎರಡು ಪ್ರತಿ:
ಒಂದು ಅವಳ ಪಾಟಿಚೀಲದಲ್ಲಿ,
ಒಂದು ನನ್ನ ಕತ್ತರಿಯ ಪಕ್ಕ.
"ಹದಿನೇಳು ಹದಿನೇಳಲೆ?"
"ಇನ್ನೂರಾ ಎಂಬತ್ತೊಂಬತ್ತು."
"ತಾಸಿಗೆ ನಲವತ್ತೈದು ಕಿಲೋಮೀಟರು ಓಡುವ ರೈಲು..."
"ಅಪ್ಪಾ, ಈ ರೈಲು ದಿನಾ ಯಾಕ ತಡಾ ಮಾಡತೈತಿ?"
ಏಳನೇ ಇಯತ್ತೆಗೆ ಶಾಲೆ ಬಿಟ್ಟವ ನಾನು,
ಕಡೆಯ ಪುಟದ ಉತ್ತರ ಇಣುಕಿ ನೋಡಿ
ಗೊತ್ತಿದ್ದವನ ಹಾಗೆ ಹೂಂ ಅನ್ನುತ್ತೇನೆ.

ಇಸ್ತ್ರಿ ಮೇಜಿನ ಶಫಾಕತ್ ಚಕ್ವಾಲಿನವ,
ಗಡಿಯ ಆ ಕಡೆಯವ.
ಕನ್ನಡ ಬಾರದಿದ್ದರೂ ಮಗ್ಗಿಯ ರಾಗ ಹಿಡಿಯುತ್ತಾನೆ.
"ಯಾವ ಪರೀಕ್ಷೆ, ಭಾಯಿ?" ಅಂತ ಕೇಳಿದಾಗಲೆಲ್ಲ
"ದೊಡ್ಡ ಶಾಲೆ" ಅಂದೆ. ಅಷ್ಟೇ ಅಂದೆ.
ಹಬೆಯ ಆಚೆ ಅವನು, ಈಚೆ ನಾನು,
ನಡುವೆ ಯಾರೋ ಮೂರನೆಯವರ ಅಂಗಿ.

ಜನವರಿಗೆ ಪರೀಕ್ಷೆ. ಆಮೇಲೆ ಎಷ್ಟೋ ದಿನ ಏನೂ ಇಲ್ಲ.
ಆಮೇಲೆ ಡಾಕ್ಟರರ ತಪಾಸಣೆ. ಕಣ್ಣು, ಕಿವಿ, ಪಾದ;
ಮಂಡಿಗೆ ಮಂಡಿ ತಾಗುತ್ತದೆಯೇ ಎಂದು ನಿಲ್ಲಿಸಿ ನೋಡಿದರಂತೆ.
ಹೊರಗೆ ಬೆಂಚಿನ ಮೇಲೆ ಅವಳ ಅವ್ವ
ಬಾಳೆಹಣ್ಣು ಸುಲಿದು ಹಿಡಿದುಕೊಂಡೇ ಕೂತಿದ್ದಳಂತೆ,
ಅದು ಕಪ್ಪಾಗುವ ತನಕ.

ಪಟ್ಟಿ ಬಂದ ದಿನ ಗಿರಾಕಿಯ ಕೊರಳಳತೆ ಹಿಡಿದಿದ್ದೆ.
ಫೋನು ನಡುಗಿತು. ಹದಿನೈದೂವರೆ ಬರೆಯುವಲ್ಲಿ
ಅವಳ ನಂಬರು ಬರೆದೆ: ಅರವತ್ತೊಂದು.
ಒಮಾನಿ ಹುಡುಗ ಬಗ್ಗಿ ಓದಿ ನಕ್ಕ,
"ನನ್ನದೇನು ಒಂಟೆಯ ಕತ್ತೇ?"

ಆಗ ಹೇಳಲೇಬೇಕಾಯಿತು. ಸೈನಿಕ ಶಾಲೆ, ಅಂದೆ.
ವಿಜಯಪುರ. ಹುಡುಗಿಯರನ್ನೂ ತಗೋತಾರೆ ಈಗ.
ಶಫಾಕತ್ ಇಸ್ತ್ರಿ ಪೆಟ್ಟಿಗೆಯನ್ನು
ನೆನಪಿಟ್ಟು ತಟ್ಟೆಯ ಮೇಲೆ ಇಟ್ಟ, ಬಟ್ಟೆ ಸುಡದ ಹಾಗೆ.
"ನಮ್ಮಣ್ಣನ ಮಗನೂ ಹೋದ ವರ್ಷ,
ನಮ್ಮ ಕಡೆ, ಇಂಥದೇ ಶಾಲೆಗೆ" ಅಂದ.
"ಮೊದಲ ತಿಂಗಳು ಬಹಳ ಅಳುತ್ತಾರೆ.
ಫೋನು ಕೊಡುವುದಿಲ್ಲ. ಕಾಗದ ಬರಿ."
ಸಂಜೆ ಅರ್ಧ ಕಿಲೋ ಹಲ್ವಾ ತಂದ. ತಿಂದೆವು.
ಆ ರಾತ್ರಿ ಇಬ್ಬರೂ ಸುದ್ದಿ ಹಾಕಲಿಲ್ಲ.

ಯೂನಿಫಾರ್ಮು ನಾನೇ ಹೊಲಿಯುತ್ತೇನೆ ಅಂದೆ.
ಬೇಡವಂತೆ; ಎಲ್ಲ ಅಲ್ಲೇ ಕೊಡುತ್ತಾರೆ, ಗುತ್ತಿಗೆದಾರ ಇದ್ದಾನೆ.
ಆದರೂ ಅಳತೆ ತೆಗೆಸಿದೆ.
ಅವ್ವ ಟೇಪು ಹಿಡಿದಳು, ಪರದೆ ಅಲುಗಾಡಿತು,
"ಹಿಂದಿನಿಂದ, ಕತ್ತಿನ ಎಲುಬಿನ ಕೆಳಗ!" ಇಲ್ಲಿಂದ ಕೂಗಿದೆ.
ಹದಿಮೂರೂ ಕಾಲು.
ಒಬ್ಬ ಹವಾಲ್ದಾರ, ಒಬ್ಬ ಕ್ಯಾಪ್ಟನ್ನು,
ಅವರ ನಡುವಿನ ಖಾಲಿ ಸಾಲಿನಲ್ಲಿ ಬರೆದುಕೊಂಡೆ.
'ಕೊಡುವ ತಾರೀಖು' ಎಂಬಲ್ಲಿ ಪೆನ್ನು ನಿಂತಿತು.

ಜುಲೈಯಲ್ಲಿ ಫೋಟೋ. ಸಾಲಿನಲ್ಲಿ ಮೂರನೆಯವಳು,
ಕೂದಲು ಕಿವಿಯವರೆಗೆ ಕತ್ತರಿಸಿದ್ದಾರೆ.
ಬೆರಳಲ್ಲಿ ಹಿಗ್ಗಿಸಿ ಮೊದಲು ಹೊಲಿಗೆ ನೋಡಿದೆ.
ಜೇಬು ಸೊಟ್ಟ. ಕಾಲರಿನ ಕ್ಯಾನ್ವಾಸು ಅಗ್ಗದ್ದು.
ಭುಜ ಒಂದು ಇಂಚು ಕೆಳಗೆ ಜಾರಿದೆ.
ಮುಖಕ್ಕೆ ಬರಲು ತಡವಾಯಿತು.
ಶಫಾಕತ್ ಬಗ್ಗಿ ನೋಡಿ, "ಬಿಚ್ಚಿ ಹೊಲಿಯಬೇಕು" ಅಂದ.

ಕಾಗದ ಬರೆದೆ. ಗಂಗವ್ವಾ,
ಅಂಗಿ ಬಿಗಿ ಮಾಡಿಸಬ್ಯಾಡ, ಹಂಗ ಇರಲಿ.
ಒಂದು ಇಂಚು ಅಂದರ ಭಾಳ ಅಲ್ಲ.
ಗುಂಡಿ ಸಡಲಾದರ ನಾಕೂ ತೂತಿನ್ಯಾಗ ದಾರಾ ಹಾಕು,
ಕಡೀಕ ಎರಡು ಗಂಟು.

ಬೆವರಿಗೆ ಕಾಗದ ಮುದುಡಿತ್ತು.
ಲಕೋಟೆಗೆ ಹಾಕುವ ಮುನ್ನ ಶಫಾಕತ್ ಕೈಯಿಂದ ಇಸಕೊಂಡು,
ಒಳಗೇನಿದೆ ಓದಲು ಬಾರದವ,
ಹಬೆ ಬಂದ್ ಮಾಡಿ
ಮಡಿಕೆಗಳಿಗೆ ಇಸ್ತ್ರಿ ಹಾಕಿಕೊಟ್ಟ.